ಸಂಧಾನಕಾರ ಹೆನ್ರಿ ಕ್ಲೇ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ಅಧ್ಯಕ್ಷ ಪದವಿಗೆ ಏರದಿದ್ದರೂ ಅಧ್ಯಕ್ಷರಿಗೆ ಸಮನಾದ ಕೀರ್ತಿಯನ್ನು ಪಡೆದ ಮುತ್ಸದ್ದಿಗಳು ಕೆಲವರುಂಟು. ಅವರಲ್ಲಿ ಹೆನ್ರಿ ಕ್ಲೇ ಅಗ್ರಗಣ್ಯನು. ದೇಶವು ಎರಡು ಹೋಳಾಗುವ ಭೀತಿ ಮೂರು ಸಲ ಒದಗಿದಾಗ ಮೂರು ಸಲವೂ ಆತನು ನಡುವೆ ನಿಂತು ರಾಜಿ ಮಾಡಿಸಿದನು. ಆದರೆ ಆತನು ಕಣ್ಮುಚ್ಚಿದ ಒಂಬತ್ತೇ ವರ್ಷಗಳಲ್ಲಿ ಅಲ್ಲಿ ಅಂತರ್ಯುದ್ಧದ ಕಿಚ್ಚು ಹೊತ್ತಿಕೊಂಡಿತು. ಅಂತಹ ಸಮರ್ಥನ ದೀರ್ಘಶ್ರಮವು ಏಕೆ ಉಳಿಯಲಿಲ್ಲವೆಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ಹೆನ್ರಿ ಕ್ಲೇ 1777ನೆಯ ಏಪ್ರಿಲ್ 12ರಂದು ವರ್ಜೀನಿಯ ರಾಜ್ಯದಲ್ಲಿ ಜನಿಸಿದನು. ತಂದೆ ಕ್ರೈಸ್ತ ಧರ್ಮೋಪದೇಶಕನಾಗಿದ್ದನು. ನಾಲ್ಕನೆಯ ವಯಸ್ಸಿನಲ್ಲಿಯೇ ಬಾಲಕನಿಗೆ ಪಿತೃವಿಯೋಗವಾಯಿತು. ಶಾಲೆಯ ವಿದ್ಯಾಭ್ಯಾಸ ಅಲ್ಪವಾಗಿತ್ತು. ರಿಚ್ಮಂಡ್ ನಗರದಲ್ಲಿ ಮೊದಲು ಅಂಗಡಿಯೊಂದರಲ್ಲಿಯೂ ಅನಂತರ ನ್ಯಾಯಾಲಯದ ಕಛೇರಿಯಲ್ಲಿಯೂ ಆತನು ದುಡಿದನು. ಆತನ ಅಂದವಾದ ಬರವಣಿಗೆಯನ್ನು ಕಂಡು ಮೆಚ್ಚಿದ ನ್ಯಾಯಾಧೀಶ ಜಾರ್ಜ್ ವೈತ್ ಆತನನ್ನು ತನ್ನ ಬಳಿ ಇರಿಸಿಕೊಂಡು ಓದಿಗೆ ನೆರವಾದನು. 1797ರಲ್ಲಿ ವಕೀಲನಾದ ತರುಣನು ಪಶ್ಚಿಮದ ಹೊಸ ರಾಜ್ಯವಾದ ಕೆಂಟಕಿಗೆ ಹೋಗಿ ಲೆಕ್ಸಿಂಗ್ಟನ್ ಪಟ್ಟಣದಲ್ಲಿ ನೆಲೆಸಿದನು. ವಾಕ್ಚಾತುರ್ಯದಿಂದ ಬೇಗನೆ ಹೆಸರನ್ನೂ ಹಣವನ್ನೂ ಗಳಿಸಿದನು. ಪಟ್ಟಣದ ಹೊರವಲಯದಲ್ಲಿ ಆಶ್‌ಲೆಂಡ್ ಎಂಬ ದೊಡ್ಡ ತೋಟವನ್ನು ಮಾಡಿಕೊಂಡನು. ಆ ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರು.

1811ರಲ್ಲಿ ಕ್ಲೇ ರಾಷ್ಟ್ರದ ಪ್ರತಿನಿಧಿ ಸಭೆಗೆ ಆಯ್ಕೆಯಾಗಿ ಬಂದನು. ಸಭೆ ಸೇರಿದ ಮೊದಲ ದಿನವೇ ಸದಸ್ಯರು ಈ ತರುಣನನ್ನು ಸಭಾಧ್ಯಕ್ಷನನ್ನಾಗಿ ಚುನಾಯಿಸಿದರು. ಆಗ ಆತನಿಗೆ ವಯಸ್ಸು 34. ವಿರೋಧಿಗಳೊಡನೆಯೂ ನಗುನಗುತ್ತ ಮಾತನಾಡಿ ಅವರ ಮನವನ್ನು ಒಲಿಸಿಕೊಳ್ಳುವ ಕಲೆ ಆತನಿಗೆ ಸಹಜವಾಗಿತ್ತು.

ಆ ಕಾಲದಲ್ಲಿ ದೇಶವು ಉತ್ತರ, ದಕ್ಷಿಣ ಎಂಬ ಎರಡು ಭಾಗಗಳಾಗಿ ಬೇರ್ಪಡತೊಡಗಿತ್ತು. ಉತ್ತರದ ರಾಜ್ಯಗಳು ಕೈಗಾರಿಕೆ, ವ್ಯಾಪಾರ, ಸಣ್ಣ ಹಿಡುವಳಿಗಳ ಬೇಸಾಯ ಇವುಗಳನ್ನು ಅವಲಂಬಿಸಿ ದಾಸ್ಯಪದ್ಧತಿಯನ್ನು ಕ್ರಮೇಣ ತೊಡೆದುಹಾಕಿದ್ದವು. ದಕ್ಷಿಣದ ಸಂಪತ್ತಿಗೆ ಹತ್ತಿಯೇ ಮೂಲ. ಹತ್ತಿಯ ತೋಟಗಳಿಗೆ ಗುಲಾಮರ ದುಡಿಮೆಯೇ ಆಧಾರ. ಸೆನೆಟ್ ಸಭೆಯಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರು ಸದಸ್ಯರಿದ್ದುದರಿಂದ ಹೊಸ ರಾಜ್ಯವೊಂದು ಸೇರಿದಾಗಲೆಲ್ಲ ತಕ್ಕಡಿ ಯಾವ ಕಡೆಗೆ ವಾಲುವುದೋ ಎಂಬ ಆತಂಕ ಎರಡು ಪಕ್ಷಗಳಿಗೂ ಇತ್ತು.

1819ರಲ್ಲಿ ಮಿಸೌರಿ ಪ್ರದೇಶವು ದಾಸ್ಯಪದ್ಧತಿಯುಳ್ಳ ರಾಜ್ಯವಾಗಿ ಒಕ್ಕೂಟವನ್ನು ಸೇರಬಯಸಿತು. ಆಗ ಎರಡು ಕಡೆಯ ರಾಜ್ಯಗಳೂ 11ರಂತೆ ಸಮವಾಗಿದ್ದವು. ವಾಗ್ವಾದ ವಿಕೋಪಕ್ಕೆ ಹೋಯಿತು. 1820ರಲ್ಲಿ ಮಿಸೌರಿಯೊಡನೆ ದಾಸ್ಯವಿಲ್ಲದ ಮೇಯ್ನ್ ರಾಜ್ಯವನ್ನೂ ಸೇರಿಸಿಕೊಳ್ಳಲು ಒಪ್ಪಲಾಯಿತು. ಫ್ರಾನ್ಸಿನಿಂದ ಕೊಂಡಿದ್ದ ವಿಶಾಲ ಭೂಪ್ರದೇಶದಲ್ಲಿ, ಮಿಸೌರಿಯನ್ನು ಬಿಟ್ಟು, 36 ಡಿಗ್ರಿ 30 ಮಿನಿಟು ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಇರಕೂಡದೆಂದು ಗೊತ್ತುಪಡಿಸಲಾಯಿತು. ಈ ಒಪ್ಪಂದವನ್ನು ಪ್ರತಿನಿಧಿ ಸಭೆಯಲ್ಲಿ ದಡ ಸೇರಿಸಿದವನು ಕ್ಲೇ. ಮರುವರ್ಷ ಮತ್ತೆ ತಲೆದೋರಿದ ತೊಡಕನ್ನೂ ಆತನೇ ಬಿಡಿಸಿದನು.

1832ರಲ್ಲಿ ಇನ್ನೊಂದು ವಿಪತ್ತು ಒದಗಿತು. ಆಮದು ಸುಂಕ ತನಗೆ ಹಾನಿಕರವೆಂದು ದಕ್ಷಿಣ ಕರೋಲಿನ ರಾಜ್ಯವು ರಾಷ್ಟ್ರದ ಕಾಯಿದೆಯನ್ನೇ ಅಸಿಂಧುವೆಂದು ಸಾರಿತು. ಅಧ್ಯಕ್ಷ ಜಾಕ್ಸನ್ ಸೈನ್ಯಬಲವನ್ನು ಉಪಯೋಗಿಸಲು ಸಿದ್ಧನಾದನು. ಹೆಚ್ಚಿನ ಸುಂಕದಿಂದ ಸ್ವದೇಶಿ ಕೈಗಾರಿಕೆಗಳನ್ನು ರಕ್ಷಿಸಬೇಕೆಂದು ಬಹುಕಾಲದಿಂದ ವಾದಿಸಿದ್ದವನು ಕ್ಲೇ. ಆದರೂ ಒಕ್ಕೂಟದ ಹಿತಕ್ಕಾಗಿ ಆತನೇ ತನ್ನ ಪಟ್ಟನ್ನು ಸಡಿಲಿಸಿ, ಸುಂಕವನ್ನು ಹಂತಹಂತವಾಗಿ ಇಳಿಸುವ ಮಸೂದೆಯನ್ನು 1833ರಲ್ಲಿ ತಂದು ರಕ್ತಪಾತವನ್ನು ತಪ್ಪಿಸಿದನು.

ಈ ಕೀರ್ತಿಯ ಮಗ್ಗುಲಲ್ಲೇ ಕಪ್ಪು ನೆರಳೊಂದು ಇತ್ತು. ದಾಸ್ಯವು ಕೆಡುಕೆಂದು ಕ್ಲೇ ಒಪ್ಪುತ್ತಿದ್ದನು. ಆದರೂ ಗುಲಾಮರನ್ನು ಇಟ್ಟುಕೊಂಡೇ ಇದ್ದನು. ಬಿಡುಗಡೆ ಹೊಂದಿದ ಕರಿಯರನ್ನು ಆಫ್ರಿಕಕ್ಕೆ ಕಳುಹಿಸಬೇಕೆಂಬುದು ಆತನ ಅಭಿಪ್ರಾಯವಾಗಿತ್ತು. ಆತನು ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಗ ವಾಷಿಂಗ್ಟನ್ನಿನ ಮನೆಯಲ್ಲಿ ಶಾರ್ಲಟ್ ಡುಪುಯಿ ಎಂಬ ದಾಸಿ ಇದ್ದಳು. 1829ರಲ್ಲಿ ಒಡೆಯನು ಅಧಿಕಾರ ಬಿಟ್ಟು ಕೆಂಟಕಿಗೆ ಹೊರಡುವ ಸಮಯದಲ್ಲಿ ಆಕೆ ತನ್ನ ಮತ್ತು ತನ್ನ ಮಕ್ಕಳ ಬಿಡುಗಡೆಗಾಗಿ ಅವನ ಮೇಲೆಯೇ ದಾವೆ ಹೂಡಿದಳು. ಮುಂದಿನ ವರ್ಷ ದಾವೆ ಬಿದ್ದುಹೋಯಿತು. ಹಿಂದಿರುಗಲು ಒಪ್ಪದ ಆಕೆಯನ್ನು ಸೆರೆಯಲ್ಲಿರಿಸಿ, ಬಳಿಕ ದೂರದ ನ್ಯೂ ಆರ್ಲಿಯನ್ಸ್ ನಗರಕ್ಕೆ ಕಳುಹಿಸಲಾಯಿತು. ಆಕೆಗೆ ಕ್ಲೇ ಬಿಡುಗಡೆ ಕೊಟ್ಟದ್ದು 1840ರಲ್ಲಿ. ದೇಶದ ಜಗಳಗಳನ್ನು ಬಿಡಿಸಿದ ಮಹಾನುಭಾವನಿಗೆ ತನ್ನ ಮನೆಯ ಅನ್ಯಾಯವನ್ನು ಸರಿಪಡಿಸಲು ಹತ್ತು ವರ್ಷಗಳು ಬೇಕಾದುವು.

1824, 1832, 1844 ಈ ಮೂರು ಚುನಾವಣೆಗಳಲ್ಲಿಯೂ ಅಧ್ಯಕ್ಷ ಪದವಿ ಕ್ಲೇಗೆ ದೊರೆಯಲಿಲ್ಲ. 1847ರಲ್ಲಿ ಮೆಕ್ಸಿಕೊ ಯುದ್ಧದಲ್ಲಿ ಮಗನೊಬ್ಬನನ್ನು ಕಳೆದುಕೊಂಡನು. ಆ ಯುದ್ಧದಿಂದ ದೊರೆತ ಹೊಸ ನೆಲದಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬ ಪ್ರಶ್ನೆ ದೇಶವನ್ನು ಮತ್ತೆ ಒಡೆಯುವಂತಾಯಿತು. 1850ರ ಜನವರಿಯಲ್ಲಿ ವೃದ್ಧನೂ ರೋಗಿಯೂ ಆದ ಕ್ಲೇ ಸೆನೆಟ್ ಸಭೆಯ ಮುಂದೆ ಎಂಟು ನಿರ್ಣಯಗಳನ್ನು ಇರಿಸಿದನು. ತಿಂಗಳುಗಟ್ಟಲೆ ಚರ್ಚೆ ನಡೆಯಿತು. ನಿರ್ಣಯಗಳನ್ನೆಲ್ಲ ಒಂದುಗೂಡಿಸಿದ ಮಸೂದೆ ಜುಲೈ ಕೊನೆಯಲ್ಲಿ ಮುರಿದುಬಿದ್ದಿತು. ಕ್ಲೇ ಬಳಲಿ ವಿಶ್ರಾಂತಿಗೆ ತೆರಳಿದನು. ಆಗ ಸ್ಟೀಫನ್ ಡಗ್ಲಸ್ ಎಂಬ ಸೆನೆಟ್ ಸದಸ್ಯನು ಅದನ್ನು ಬಿಡಿಬಿಡಿಯಾಗಿ ವಿಂಗಡಿಸಿ ಸೆಪ್ಟೆಂಬರಿನಲ್ಲಿ ಅಂಗೀಕಾರವಾಗುವಂತೆ ಮಾಡಿದನು. ಉತ್ತರದವರಲ್ಲಿ ಹೆಚ್ಚಿನವರು ತಮಗೆ ಹಿತವಾದ ಭಾಗಗಳಿಗೂ ದಕ್ಷಿಣದವರು ತಮಗೆ ಹಿತವಾದವುಗಳಿಗೂ ಮತ ಕೊಟ್ಟರು. ಕಾಯಿದೆಗಳು ಬಂದವು, ಮನಸ್ಸುಗಳು ಒಂದಾಗಲಿಲ್ಲ.

ಈ ರಾಜಿಯಂತೆ ಕ್ಯಾಲಿಫೋರ್ನಿಯ ದಾಸ್ಯವಿಲ್ಲದ ರಾಜ್ಯವಾಯಿತು. ಅದಕ್ಕೆ ಪ್ರತಿಯಾಗಿ, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಠಿಣ ಶಾಸನ ಜಾರಿಗೆ ಬಂದಿತು. ಸಿಕ್ಕಿಬಿದ್ದವನಿಗೆ ತನ್ನ ಪರವಾಗಿ ಸಾಕ್ಷಿ ನುಡಿಯುವ ಹಕ್ಕಿರಲಿಲ್ಲ. ಅವನಿಗೆ ಆಶ್ರಯ ಕೊಟ್ಟವರಿಗೆ 1,000 ಡಾಲರುಗಳವರೆಗೆ ದಂಡ ಬೀಳುತ್ತಿತ್ತು. ಗುಲಾಮಗಿರಿಯನ್ನು ದೂರದ ಸಂಗತಿಯೆಂದು ಎಣಿಸಿದ್ದ ಉತ್ತರದವರ ಮನೆಬಾಗಿಲಿಗೇ ಈ ಶಾಸನ ಅದನ್ನು ತಂದು ನಿಲ್ಲಿಸಿತು.

1852ನೆಯ ಜೂನ್ 29ರಂದು ಕ್ಲೇ ಕ್ಷಯರೋಗದಿಂದ ವಾಷಿಂಗ್ಟನ್ನಿನಲ್ಲಿ ಮರಣಹೊಂದಿದನು. ಆತನನ್ನು ಆದರ್ಶವೆಂದು ಭಾವಿಸಿದ್ದ ಅಬ್ರಹಾಂ ಲಿಂಕನ್ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಶ್ರದ್ಧಾಂಜಲಿಯ ಭಾಷಣ ಮಾಡಿದನು. ಎರಡೇ ವರ್ಷಗಳಲ್ಲಿ ಡಗ್ಲಸ್ ತಂದ ಹೊಸ ಶಾಸನವು 1820ರ ಗಡಿರೇಖೆಯನ್ನು ಅಳಿಸಿಹಾಕಿತು. ಕ್ಯಾನ್ಸಸ್ ಪ್ರದೇಶದಲ್ಲಿ ಎರಡು ಪಕ್ಷಗಳ ನಡುವೆ ರಕ್ತ ಹರಿಯಿತು. 1860ರಲ್ಲಿ ಲಿಂಕನ್ ಅಧ್ಯಕ್ಷನಾಗಿ ಆಯ್ಕೆಯಾದ ಮೇಲೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟವನ್ನು ತೊರೆದವು. ಕೆಂಟಕಿಯವನೇ ಆದ ಕ್ರಿಟೆಂಡೆನ್ ಹಳೆಯ ರೇಖೆಯನ್ನೇ ಪಶ್ಚಿಮ ಸಮುದ್ರದವರೆಗೆ ಎಳೆಯುವ ರಾಜಿಯೊಂದನ್ನು ಸೂಚಿಸಿದನು, ಅದು ವಿಫಲವಾಯಿತು. 1861ನೆಯ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಫಿರಂಗಿಗಳು ಸಿಡಿದವು. ಅದು ಕ್ಲೇ ಹುಟ್ಟಿದ ದಿನ. ಕ್ಲೇಯ ಮೊಮ್ಮಕ್ಕಳಲ್ಲಿ ಕೆಲವರು ಒಂದು ಸೈನ್ಯದಲ್ಲಿಯೂ ಕೆಲವರು ಇನ್ನೊಂದರಲ್ಲಿಯೂ ನಿಂತು ಹೋರಾಡಿದರು. ನಾಲ್ಕು ವರ್ಷಗಳಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಮಡಿದರು. 1865ರ ಸಂವಿಧಾನ ತಿದ್ದುಪಡಿಯಿಂದ ದಾಸ್ಯಪದ್ಧತಿ ಕೊನೆಗೊಂಡಿತು.

ಕ್ಲೇಯ ದೇಶಪ್ರೇಮ ನಿಜವಾದುದು. ಆತನ ಸಹನೆ ಅಸಾಧಾರಣವಾದುದು. ಸುಂಕದ ದರವನ್ನು ಇಬ್ಬರಿಗೂ ಒಪ್ಪುವಂತೆ ಇಳಿಸಬಹುದು; ಅಲ್ಲಿ ಆತನ ರಾಜಿ ಫಲಿಸಿತು. ಮನುಷ್ಯನ ಸ್ವಾತಂತ್ರ್ಯವನ್ನು ಅರ್ಧರ್ಧ ಹಂಚಿಕೊಳ್ಳಲು ಬಾರದು. ಯಾರ ಬಾಳು ಆ ಒಪ್ಪಂದಗಳಲ್ಲಿ ಅಡಕವಾಗಿತ್ತೋ ಆ ಲಕ್ಷಾಂತರ ಜನರಿಗೆ ಸಂಧಾನದ ಸಭೆಯಲ್ಲಿ ಪೀಠವೇ ಇರಲಿಲ್ಲ. ಆದುದರಿಂದ ಆತನ ರಾಜಿಗಳು ಕೆಂಡವನ್ನು ಆರಿಸಲಿಲ್ಲ. ಅದರ ಮೇಲೆ ಬೂದಿಯನ್ನು ಮುಚ್ಚಿದವು. ಅವರನ್ನು ಹೊರಗಿಟ್ಟು ಕಟ್ಟಿದ ಶಾಂತಿಯು ಕಟ್ಟಿದವನ ಕಾಲವನ್ನು ದಾಟಿ ಬಾಳಲಿಲ್ಲ.