ಗಣಿಯಿಂದ ಪಾರ್ಲಿಮೆಂಟಿಗೆ: ಕೀರ್ ಹಾರ್ಡಿಯ ಚರಿತ್ರೆ

ನಮ್ಮ ಸೀಮೆಯ ಕಪ್ಪತಗುಡ್ಡದಲ್ಲಿ ಹಿಂದೆ ಚಿನ್ನಕ್ಕಾಗಿ ಗಣಿಗಳನ್ನು ತೋಡಿದ್ದರು. ಅವುಗಳಲ್ಲಿ ಇಳಿದು ದುಡಿದ ಕೂಲಿಯವರನ್ನು ಇಂದು ನೆನಸುವವರು ವಿರಳ. ಅಂಥ ಗಣಿಯಾಳುಗಳ ಬಾಯಾಗಿ ಪರದೇಶದಲ್ಲಿ ನಿಂತ ಒಬ್ಬನ ಚರಿತ್ರೆಯನ್ನು ಕೇಳಿರಿ.

ಜೇಮ್ಸ್ ಕೀರ್ ಹಾರ್ಡಿಯು 1856ನೆಯ ಇಸವಿ ಆಗಸ್ಟ್ 15ರಂದು ಸ್ಕಾಟ್ಲೆಂಡು ದೇಶದ ಬಡ ಮನೆಯೊಂದರಲ್ಲಿ ಹುಟ್ಟಿದನು. ಶಾಲೆಗೆ ಹೋಗಲಾರದೆ ಎಳೆಯ ವಯಸ್ಸಿನಲ್ಲಿಯೇ ರೊಟ್ಟಿ ಮಾರುವವನೊಬ್ಬನ ಬಳಿ ಕೆಲಸಕ್ಕೆ ಸೇರಿದನು. ಮನೆಯಲ್ಲಿ ತಮ್ಮನು ಸಾಯುವ ಸ್ಥಿತಿಯಲ್ಲಿರಲು, ಅವನ ಆರೈಕೆ ಮಾಡಿ ಒಂದು ದಿನ ತಡವಾಗಿ ಬಂದನು. ಯಜಮಾನನು ಕುಟುಂಬಪ್ರಾರ್ಥನೆ ಮುಗಿಯುವ ತನಕ ಹುಡುಗನನ್ನು ಹೊರಗೆ ಕಾಯಿಸಿ, ಆಮೇಲೆ ಕೂಲಿಯನ್ನೂ ಕೊಡದೆ ಕೆಲಸದಿಂದ ತೆಗೆದುಬಿಟ್ಟನು. ಈ ಸಂಗತಿಯನ್ನು ಹಾರ್ಡಿಯು ದೊಡ್ಡವನಾದ ಮೇಲೆ ತಾನೇ ತಿಳಿಸಿದನು.

ಹತ್ತನೆಯ ವಯಸ್ಸಿಗೆ ಕಲ್ಲಿದ್ದಲಿನ ಗಣಿಗೆ ಇಳಿದು, ಗಾಳಿ ಆಡಿಸುವ ಬಾಗಿಲನ್ನು ಕತ್ತಲಲ್ಲಿ ತೆರೆಯುತ್ತ ಮುಚ್ಚುತ್ತ ಕೂತನು. ಓದುವದನ್ನು ತಾಯಿಯಿಂದಲೂ ಮಿಕ್ಕದ್ದನ್ನು ರಾತ್ರಿಶಾಲೆಯಲ್ಲಿಯೂ ಕಲಿತನು. ಅಂಥ ಯಜಮಾನನ ಪ್ರಾರ್ಥನೆಯನ್ನು ಕೇಳಿದವನು ದೇವರನ್ನೇ ಬಿಡಬಹುದಾಗಿತ್ತು. ಆದರೆ ಈತನು ಸುಮಾರು 21 ವರುಷದವನಾದಾಗ ಕ್ರಿಸ್ತನನ್ನು ನಂಬಿ, ಸಭೆಗೆ ಸೇರಿ, ಮದ್ಯಪಾನಕ್ಕೆ ವಿರೋಧವಾಗಿ ಬೋಧಿಸಿದನು. ಗಣಿಯಾಳುಗಳ ಸಂಘ ಕಟ್ಟಲು ತೊಡಗಿದ್ದರಿಂದ ಧಣಿಗಳು ಈತನಿಗೆ ಕೆಲಸವನ್ನೇ ಕೊಡದೆ ಹೋದರು.

1892ರಲ್ಲಿ ಹಾರ್ಡಿಯು ಪಾರ್ಲಿಮೆಂಟಿಗೆ ಆರಿಸಲ್ಪಟ್ಟು, ದೊಡ್ಡವರ ಉಡುಪನ್ನು ಧರಿಸದೆ ಸಾದಾ ಬಟ್ಟೆಯಲ್ಲಿಯೇ ಒಳಹೊಕ್ಕನು. 1894ರ ಜೂನ್ 23ರಂದು ವೇಲ್ಸ್ ಸೀಮೆಯ ಆಲ್ಬಿಯನ್ ಗಣಿಯು ಸಿಡಿದು 290 ಮಂದಿ ಸತ್ತರು. ಅದೇ ದಿನ ರಾಜವಂಶದಲ್ಲಿ ಗಂಡುಕೂಸು ಹುಟ್ಟಿತು. ಪಾರ್ಲಿಮೆಂಟಿನವರು ಕೂಸಿಗಾಗಿ ಹರ್ಷವನ್ನು ಸೂಚಿಸುವಾಗ, ಸತ್ತವರ ಮನೆಯವರಿಗೂ ಒಂದು ಸಂತಾಪದ ಮಾತನ್ನು ಸೇರಿಸಬೇಕೆಂದು ಹಾರ್ಡಿಯು ಬೇಡಿದನು. ಅವರು ಒಪ್ಪಲಿಲ್ಲ. ಕೂಗಿ ಹೀಯಾಳಿಸಿದರೂ ಈತನು ಒಬ್ಬನೇ ನಿಂತು ತನ್ನ ಮಾತನ್ನು ಮುಗಿಸಿದನು. ಮುಂದಿನ ವರುಷದ ಚುನಾವಣೆಯಲ್ಲಿ ಸೋತರೂ, 1900ರಲ್ಲಿ ವೇಲ್ಸ್ ಸೀಮೆಯ ಗಣಿಯ ಊರಿನವರೇ ಈತನನ್ನು ತಮ್ಮ ಪ್ರತಿನಿಧಿಯಾಗಿ ಕಳುಹಿಸಿದರು. 1906ರಲ್ಲಿ ಕೂಲಿಗಾರರ ಪಕ್ಷದ 29 ಮಂದಿ ಗೆದ್ದು ಬರಲು, ಈತನೇ ಪಾರ್ಲಿಮೆಂಟಿನಲ್ಲಿ ಅವರ ಮೊದಲನೆಯ ಮುಖಂಡನಾದನು.

1907ರಲ್ಲಿ ಹಿಂದೂದೇಶಕ್ಕೆ ಬಂದು ರೈತರ ಬಡತನವನ್ನು ಕಂಡನು. ಕೆನಡಾ ದೇಶದವರಿಗೆ ಇದ್ದಂತೆ ಇಲ್ಲಿಯವರಿಗೂ ಸ್ವರಾಜ್ಯ ಸಲ್ಲಬೇಕೆಂದು ಹೇಳಿದ್ದಕ್ಕಾಗಿ ಆಂಗ್ಲ ಪತ್ರಿಕೆಗಳು ಈತನನ್ನು ಬೈದವು. 1914ರ ಮಹಾಯುದ್ಧವನ್ನೂ ವಿರೋಧಿಸಿ, ಮನನೊಂದು, 1915ರ ಸೆಪ್ಟೆಂಬರ್ 26ರಂದು ಗ್ಲಾಸ್ಗೋ ಪಟ್ಟಣದಲ್ಲಿ ತೀರಿಕೊಂಡನು.

ಪ್ರಿಯರೇ, ನಮ್ಮ ಮನೆಗಳಲ್ಲಿಯೂ ಕುಟುಂಬಪ್ರಾರ್ಥನೆ ನಡೆಯುತ್ತದೆ. ಆ ಹೊತ್ತಿನಲ್ಲಿ ತಡವಾಗಿ ಬಂದು ಬಾಗಿಲಲ್ಲಿ ನಿಂತ ಕೂಲಿಯ ಹುಡುಗನಿಗೆ ನಾವು ಏನು ಹೇಳುತ್ತೇವೆ? ನಮ್ಮ ಪ್ರಾರ್ಥನೆಯು ಎಂಥದೆಂಬದು ಅಲ್ಲಿಯೇ ತಿಳಿದುಬರುವದು.