ಡಾಕ್ಟರ್ ಹೋಮಿ ಭಾಭಾರವರು ಕಂಡ ಬಡಬಾಗ್ನಿ

ಸಮುದ್ರದೊಳಗೆ ಅಗ್ನಿಯುಂಟೆಂದು ನಮ್ಮ ಪೌರಾಣಿಕರು ಹೇಳುತ್ತ ಬಂದಿರುವರು. ಅದೇ ಅರ್ಥದ ಸಂಗತಿಯನ್ನು ವಿಜ್ಞಾನದ ಭಾಷೆಯಲ್ಲಿ, ಅನೇಕ ರಾಷ್ಟ್ರಗಳ ಪ್ರತಿನಿಧಿಗಳು ನೆರೆದ ಸಭೆಯ ಅಧ್ಯಕ್ಷಪೀಠದಿಂದ ಸಾರಿದವರು ಡಾಕ್ಟರ್ ಹೋಮಿ ಜಹಾಂಗೀರ್ ಭಾಭಾರವರು. ಅವರು ಹೇಳಿದ ಅವಧಿಯು 1975ರಲ್ಲಿಯೇ ಮುಗಿಯಿತು. ಆ ಅಗ್ನಿಯು ಇನ್ನೂ ನಮ್ಮ ಮನೆಯ ದೀಪಕ್ಕೆ ಬಂದಿಲ್ಲ. ಇದೊಂದನ್ನೇ ಹಿಡಿದು ಆ ಮಹನೀಯರನ್ನು ಕುರಿತು ಹಗುರವಾಗಿ ಆಡುವವರು ಉಂಟಾದ್ದರಿಂದ, ಅವರ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಭಾಭಾರವರು ಜನಿಸಿದ್ದು 1909ನೆಯ ಇಸವಿ ಅಕ್ಟೋಬರ್ 30ರಂದು, ಮುಂಬಯಿಯಲ್ಲಿ. ಆದರೆ ಈ ಪಾರಸೀ ಮನೆತನಕ್ಕೂ ಮೈಸೂರು ಸೀಮೆಗೂ ಹಳೆಯ ನಂಟು. ಪಿತಾಮಹರಾದ ಹೋರ್ಮುಸ್‌ಜಿ ಭಾಭಾರವರು ಮೈಸೂರು ಸಂಸ್ಥಾನದ ವಿದ್ಯಾಭ್ಯಾಸದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆಯವರು ಬೆಳೆದದ್ದು ಬೆಂಗಳೂರಿನಲ್ಲಿ. ಸೋದರತ್ತೆಯು ಸರ್ ದೊರಾಬ್‌ಜಿ ತಾತಾರವರ ಪತ್ನಿ. ಹುಡುಗನು ಇಂಜಿನಿಯರಾಗಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯನ್ನು ಸೇರಬೇಕೆಂಬುದು ಹಿರಿಯರ ಅಪೇಕ್ಷೆ. 1927ರಲ್ಲಿ ಕೇಂಬ್ರಿಜ್ಜಿಗೆ ಹೋದ ಭಾಭಾರವರು ಯಂತ್ರಶಾಸ್ತ್ರದಲ್ಲಿ ಪ್ರಥಮದರ್ಜೆಯಲ್ಲಿ ತೇರ್ಗಡೆಹೊಂದಿ ಹಿರಿಯರ ಮಾತನ್ನು ಸಲ್ಲಿಸಿದರು; ತರುವಾಯ ತಮ್ಮ ಮನಸ್ಸಿಗೊಪ್ಪಿದ ಗಣಿತವನ್ನೂ ಭೌತವಿಜ್ಞಾನವನ್ನೂ ಹಿಡಿದರು. ವಿಶ್ವಕಿರಣಗಳು ವಾಯುಮಂಡಲದಲ್ಲಿ ಕಣಗಳ ಮಳೆಯನ್ನೇ ಸುರಿಸುವ ಬಗೆಯನ್ನು 1937ರಲ್ಲಿ ಹೈಟ್ಲರ್ ಎಂಬ ವಿದ್ವಾಂಸರೊಡನೆ ವಿವರಿಸಿ ಕೀರ್ತಿವಂತರಾದರು.

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಯೂರೋಪಿನಲ್ಲಿ ಯುದ್ಧವು ಹೊತ್ತಿಕೊಂಡಿತು. ಹಿಂದಿರುಗಲು ಮಾರ್ಗವಿಲ್ಲದೆ, ಸರ್ ಸಿ. ವಿ. ರಾಮನ್‌ರವರಿದ್ದ ಬೆಂಗಳೂರಿನ ತಾತಾ ವಿಜ್ಞಾನಮಂದಿರವನ್ನು ಸೇರಿದರು. 1944ನೆಯ ಮಾರ್ಚಿಯಲ್ಲಿ ತಾತಾ ಧರ್ಮನಿಧಿಯವರಿಗೆ ಅವರು ಬರೆದ ಕಾಗದವನ್ನು ನಮ್ಮ ಅಧಿಕಾರಿಗಳು ಓದಿ ಮನನಮಾಡಬೇಕು. ದೇಶವು ಪರಾಧೀನ, ಪರಮಾಣುವಿನಿಂದ ಲೋಕದಲ್ಲೆಲ್ಲಿಯೂ ಒಂದು ದೀಪವೂ ಉರಿದಿಲ್ಲ, ಆದರೂ, ಆ ಶಕ್ತಿಯು ಬಳಕೆಗೆ ಬರುವ ಕಾಲಕ್ಕೆ ತಜ್ಞರಿಗಾಗಿ ನಾವು ಹೊರದೇಶಗಳತ್ತ ನೋಡುವ ಗತಿ ಬರಬಾರದೆಂಬುದೇ ಆ ಕಾಗದದ ಅಭಿಪ್ರಾಯ. ಅದರ ಫಲವಾಗಿ 1945ರಲ್ಲಿ ತಾತಾ ಮೂಲಸಂಶೋಧನ ಸಂಸ್ಥೆಯು ಬೆಂಗಳೂರಿನಲ್ಲಿಯೇ ಆರಂಭವಾಗಿ, ಆ ವರ್ಷದ ಕೊನೆಗೆ ಮುಂಬಯಿಗೆ ಹೊರಟುಹೋಯಿತು. ಈ ನಷ್ಟವನ್ನು ಕುರಿತು ಕನ್ನಡಿಗರು ಚಿಂತಿಸಿದ್ದು ಕಡಮೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಪರಮಾಣು ಶಕ್ತಿ ಆಯೋಗವು ಅವರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾಯಿತು.

1955ನೆಯ ಆಗಸ್ಟಿನಲ್ಲಿ ವಿಶ್ವಸಂಸ್ಥೆಯವರು ಪರಮಾಣುವಿನ ಶಾಂತಿಯುತ ಉಪಯೋಗವನ್ನು ಕುರಿತು ಜಿನೀವಾದಲ್ಲಿ ಸಭೆ ಕರೆದಾಗ ಭಾಭಾರವರೇ ಅಧ್ಯಕ್ಷರು. ಪರಮಾಣುಗಳನ್ನು ಒಡೆದಲ್ಲದೆ ಕೂಡಿಸಿಯೂ ಶಕ್ತಿಯನ್ನು ಪಡೆಯಬಹುದು, ಅದನ್ನು ಹದ್ದಿನಲ್ಲಿಡುವ ವಿಧಾನವು ಎರಡು ದಶಕಗಳೊಳಗೆ ದೊರೆಯುವುದು ಎಂದು ಅವರು ಅಲ್ಲಿ ನುಡಿದರು. ಬಲಿಷ್ಠ ರಾಷ್ಟ್ರಗಳು ಈ ಪ್ರಯೋಗಗಳನ್ನು ಗುಟ್ಟಾಗಿ ನಡೆಸುತ್ತಿದ್ದ ಕಾಲವದು. 1958ರ ಎರಡನೆಯ ಜಿನೀವಾ ಸಭೆಯ ವೇಳೆಗೆ ಆ ಗುಟ್ಟಿನ ಬಹುಭಾಗವು ಬಯಲಾಯಿತು.

ಅವರ ನಿರೀಕ್ಷೆಯು ನಿರಾಧಾರವಾದುದಲ್ಲ. ಸೂರ್ಯನು ಉರಿಯುವುದು ಈ ಸಮ್ಮಿಲನದಿಂದಲೇ. ಹಳೇಬೀಡಿನ ಬಳಿ ನಮ್ಮ ಹುಲಿಕೆರೆಯಲ್ಲಿರುವ ಹೊಯ್ಸಳರ ಕಾಲದ ಕಲ್ಯಾಣಿಯಿಂದ ಒಂದು ಲೀಟರು ನೀರನ್ನು ಮೊಗೆದರೆ, ಅದರ ಜಲಜನಕದ ಪರಮಾಣುಗಳಲ್ಲಿ ಸುಮಾರು 6,500ಕ್ಕೆ ಒಂದು ಭಾರವಾದ ಜಾತಿಯದು. ಅಷ್ಟನ್ನು ಪೂರ್ತಿಯಾಗಿ ಕೂಡಿಸಬಲ್ಲೆವಾದರೆ ಸುಮಾರು 300 ಲೀಟರು ಪೆಟ್ರೋಲಿನ ಶಾಖವು ಹೊರಡುವುದು.

ಕೂಡಿಸುವುದೇ ಕಷ್ಟ. ಸೂರ್ಯನಿಗೆ ತನ್ನ ತೂಕವೇ ಒತ್ತಡ. ನಾವಾದರೋ ಹತ್ತು ಕೋಟಿ ಡಿಗ್ರಿಗೂ ಮಿಗಿಲಾದ ಅನಿಲವನ್ನು ಅಯಸ್ಕಾಂತದ ಬಲದಿಂದ, ಗೋಡೆಗೆ ತಾಕದಂತೆ, ನಿಲ್ಲಿಸಬೇಕು. ನೀರಿನ ಭಾರಜಲಜನಕವೊಂದನ್ನೇ ಉರಿಸುವುದು ಇನ್ನೂ ಕಠಿಣವಾದ್ದರಿಂದ ಅದಕ್ಕೆ ಟ್ರಿಟಿಯಮ್ ಎಂಬುದನ್ನು ಬೆರಸುವರು. ಇದು ಪ್ರಕೃತಿಯಲ್ಲಿ ಇಲ್ಲವೆನ್ನುವಷ್ಟು ಅಲ್ಪ, ಸುಮಾರು 12 ವರ್ಷಗಳಲ್ಲಿ ಅರ್ಧ ಕ್ಷಯಿಸತಕ್ಕದ್ದು. ಕುಲುಮೆಯ ಗೋಡೆಯಲ್ಲಿ ಲಿಥಿಯಮಿನಿಂದ ಅದನ್ನು ಬೆಳೆಸಿಕೊಳ್ಳಬೇಕು. ಆ ಗೋಡೆಯೋ, ಅಲ್ಲಿಂದ ಚಿಮ್ಮುವ ನ್ಯೂಟ್ರಾನುಗಳ ಪೆಟ್ಟಿಗೆ ಜೀರ್ಣವಾಗುತ್ತಿರುವುದು. ಸಮುದ್ರದ ನೀರು ಅಕ್ಷಯಪಾತ್ರೆಯೆಂದು ಹೇಳುವವರು ಈ ಗೋಡೆಯ ಮಾತನ್ನು ಮರೆಮಾಚಬಾರದು.

ಭಾಭಾರವರ ಹಿರಿಮೆಯು ಇಲ್ಲಿದೆ: ತಾವೇ ಸಾರಿದ ಭವಿಷ್ಯವನ್ನು ನಂಬಿ ಅವರು ಕೈಕಟ್ಟಿ ಕೂರಲಿಲ್ಲ. ನಮ್ಮಲ್ಲಿ ಯುರೇನಿಯಮ್ ಅಲ್ಪ, ಕೇರಳದ ಕರಾವಳಿಯ ಮರಳಿನಲ್ಲಿ ಥೋರಿಯಮ್ ಹೇರಳ. ಇದನ್ನರಿತು 1954ರಲ್ಲಿಯೇ ಮೂರು ಮೆಟ್ಟಲುಗಳ ಯೋಜನೆಯನ್ನು ಹಾಕಿದ್ದರು. 1956ನೆಯ ಆಗಸ್ಟ್ 4ರಂದು ತ್ರಾಂಬೆಯಲ್ಲಿ ಅಪ್ಸರಾ ಎಂಬ ಕುಲುಮೆಯು ನಡೆಯತೊಡಗಿತು. ಉತ್ತರಕನ್ನಡದ ಕೈಗಾದಲ್ಲಿ 2000ನೆಯ ಇಸವಿಯಿಂದ ವಿದ್ಯುತ್ತನ್ನು ಕೊಡುತ್ತಿರುವ ಸ್ಥಾವರವು ಅವರ ಮೊದಲನೆಯ ಮೆಟ್ಟಲಿಗೆ ಸೇರಿದ್ದು. ಅಲ್ಲಿ ಬಳಸುವ ಭಾರಜಲದಲ್ಲಿರುವುದೂ ಅದೇ ಭಾರವಾದ ಜಲಜನಕ. ಥೋರಿಯಮಿನ ಮೂರನೆಯ ಮೆಟ್ಟಲನ್ನು ನಾವು ಇನ್ನೂ ಏರಿಲ್ಲವೆಂಬುದನ್ನೂ ಹೇಳಿಬಿಡಬೇಕು.

1966ನೆಯ ಜನವರಿ 24ರಂದು ವಿಯೆನ್ನಾಕ್ಕೆ ಹೊರಟಿದ್ದ ಭಾಭಾರವರ ವಿಮಾನವು ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು, ಅದರಲ್ಲಿದ್ದ 117 ಮಂದಿಯೂ ಮಡಿದರು. ಅವರಿಗೆ ಆಗ 56 ವಯಸ್ಸು. ವಿವಾಹವಾಗಿರಲಿಲ್ಲ, ಚಿತ್ರಕಲೆ ಮತ್ತು ಸಂಗೀತಗಳೇ ವಿಶ್ರಾಂತಿ.

2022ರ ಡಿಸೆಂಬರಿನಲ್ಲಿ ಅಮೆರಿಕದವರು 2.05 ಮೆಗಾಜೂಲ್ ಬೆಳಕನ್ನು ಹಾಯಿಸಿ ಸಮ್ಮಿಲನದಿಂದ 3.15 ಮೆಗಾಜೂಲ್ ಪಡೆದರು. ಆ ಬೆಳಕನ್ನು ಹುಟ್ಟಿಸುವುದಕ್ಕೇ ಸುಮಾರು 300 ವ್ಯಯವಾಗಿತ್ತು. ಗಾಂಧಿನಗರದ ಹತ್ತಿರ ಪ್ಲಾಸ್ಮಾ ಸಂಶೋಧನ ಸಂಸ್ಥೆಯವರು 1989ರಲ್ಲಿ ಆದಿತ್ಯ ಎಂಬ ಯಂತ್ರವನ್ನು ನಡೆಯಿಸಿದರು. ಫ್ರಾನ್ಸಿನಲ್ಲಿ ಅನೇಕ ರಾಷ್ಟ್ರಗಳು ಕೂಡಿ ಕಟ್ಟುತ್ತಿರುವ ಈಟರ್ ಎಂಬ ಕುಲುಮೆಗೆ ಹೊರಗಣ ಬೃಹತ್ ಶೀತಕವಚವನ್ನು ಒದಗಿಸಿದ್ದು ಭಾರತವೇ. ಅದು ವಿದ್ಯುತ್ತನ್ನು ಕೊಡತಕ್ಕದ್ದಲ್ಲ, ಬರಿಯ ಪರೀಕ್ಷಾಯಂತ್ರ. 2024ರಲ್ಲಿ ತಿದ್ದಿದ ಕಾಲಪಟ್ಟಿಯಂತೆ ಅದರಲ್ಲಿ ಟ್ರಿಟಿಯಮ್ ಉರಿಯುವುದು 2039ರಲ್ಲಿ, ಎಂದರೆ ಜಿನೀವಾ ಭಾಷಣವಾದ 84 ವರ್ಷಗಳ ಮೇಲೆ.