ನೆರೆಯವರ ಮಾತನ್ನು ಕಾಪಾಡಿದ ಪಾದ್ರಿ: ಉತ್ತಂಗಿ ಚನ್ನಪ್ಪನವರು

ಅಭ್ಯಾಸ ಪಾಠಗಳ ವೀಕ್ಷಣೆಗೆಂದು ಪ್ರತಿವರ್ಷ ಬೆಳಗಾವಿಯ ಶಹಾಪುರದ ಶಾಲೆಗಳಿಗೆ ಹೋಗುತ್ತೇನೆ. ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ, ಕೈಮಗ್ಗದ ಸೀರೆಗೆ ಹೆಸರಾದ ಪೇಟೆ ಇದು. ಇಲ್ಲಿ ಒಂದೇ ಬೆಂಚಿನ ಮೇಲೆ ಮನೆಯಲ್ಲಿ ಕನ್ನಡ, ಮರಾಠಿ, ಉರ್ದು ಆಡುವ ಮಕ್ಕಳು ಕೂಡಿ ಕೂತಿರುತ್ತಾರೆ. ಅವರ ಮನೆಯ ಪೂಜೆ, ಪ್ರಾರ್ಥನೆಗಳೂ ಬೇರೆ ಬೇರೆ. ಇಂಥ ತರಗತಿಗೆ ಹೊರಡುವ ಮುನ್ನ ಕ್ರೈಸ್ತ ಮನೆತನದ ಪ್ರಶಿಕ್ಷಣಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ನಂಬಿಕೆ ದಿನದ ಪ್ರತಿಯೊಂದು ಕೆಲಸದಲ್ಲೂ ಕಾಣಬೇಕೆಂದು ಅವರು ತಮ್ಮ ಸಭೆಯಲ್ಲಿ ಕಲಿತಿರುತ್ತಾರೆ. ಹಾಗಾದರೆ ಶಾಲೆಗೆ ಬರುವಾಗ ಅದನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕೆ ಎಂಬುದು ಅವರ ಅಳುಕು.

ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅದನ್ನು ಮೊದಲು ನೆನಪಿಸುತ್ತೇನೆ. ಆದರೆ ಕಾನೂನು ಹೇಳುವುದು ಏನು ಮಾಡಬಾರದು ಎಂಬುದನ್ನಷ್ಟೆ. ಏನು ಮಾಡಬಹುದು ಎಂಬುದಕ್ಕೆ ನನ್ನ ಬಳಿ ಇರುವ ಉತ್ತರ ಒಂದು ಜೀವನಚರಿತ್ರೆ: ರೆವರೆಂಡ್ ಉತ್ತಂಗಿ ಚನ್ನಪ್ಪನವರದು.

ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಹೆಸರುಗಳನ್ನು ಗಮನಿಸಬೇಕು. ಬೈಬಲಿನ ದಾನಿಯೇಲನಿಗೆ ನಮ್ಮ ಸೀಮೆಯ ‘ಅಪ್ಪ’ ಸೇರಿ ದಾನಿಯೇಲಪ್ಪನಾಗಿದೆ. ಮಗನ ಹೆಸರಂತೂ ಊರಿನ ಯಾವ ಮನೆಯಲ್ಲೂ ಇರಬಹುದಾದದ್ದು. ಆ ಮನೆಯಲ್ಲಿ ಮತ ಹೊಸದಾದರೂ ನುಡಿ ಹಳೆಯದೇ ಉಳಿಯಿತು.

ಬೆಳಗಾವಿಗೆ 1820ರಲ್ಲಿ ಲಂಡನ್ ಮಿಷನ್ ಬಂದಂತೆ, ಧಾರವಾಡಕ್ಕೆ 1837ರಲ್ಲಿ ಬಾಸೆಲ್ ಮಿಷನ್ ಬಂದಿತ್ತು. ಶಾಲೆ, ಮುದ್ರಣಾಲಯಗಳ ಮೂಲಕ ಅದು ಕನ್ನಡದಲ್ಲಿ ಬೇರೂರಿತು. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದಾಗ ಚನ್ನಪ್ಪನವರು ಹದಿಮೂರರ ಹುಡುಗ. ಧಾರವಾಡದ ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿ, ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ಶಿಕ್ಷಣ ಪಡೆದು, ಅವರು ಸಭಾಪಾಲಕರಾಗಿ ಧಾರವಾಡ ಸೀಮೆಗೆ ಮರಳಿದರು. ಕಿಟೆಲ್ಲರಂಥವರು ದೂರದೇಶದಿಂದ ಬಂದು ಕನ್ನಡ ಕಲಿತವರು. ಚನ್ನಪ್ಪನವರಿಗೆ ಕನ್ನಡ ತಾಯಿಯ ಮಾತು, ಅದನ್ನಾಡುವವರು ಓಣಿಯ ಜನ.

ಸಭಾಪಾಲಕನ ಕೆಲಸವೆಂದರೆ ಉಪದೇಶ, ಮದುವೆ, ಮಣ್ಣು, ಕಾಯಿಲೆಯವರ ಭೇಟಿ, ಮನೆಮನೆಯ ಕಷ್ಟಸುಖ. ಈ ಕೆಲಸಗಳ ನಡುವೆಯೇ ಅವರು ಇನ್ನೊಂದನ್ನು ಕೈಗೆತ್ತಿಕೊಂಡರು: ಸರ್ವಜ್ಞನ ತ್ರಿಪದಿಗಳ ಸಂಗ್ರಹ. ಸರ್ವಜ್ಞ ಯಾರಿಗೂ ಅಪರಿಚಿತನಲ್ಲ. ಹೊಲದಲ್ಲಿ, ಕಟ್ಟೆಯ ಮೇಲೆ, ಜಗಳದಲ್ಲಿ, ಬುದ್ಧಿಮಾತಿನಲ್ಲಿ ಅವನ ವಚನಗಳು ಜನರ ಬಾಯಲ್ಲಿ ಓಡಾಡುತ್ತಿದ್ದವು. ಬಾಯಿಂದ ಬಾಯಿಗೆ ಹೋದಂತೆ ಪಾಠವೂ ಬದಲಾಗುತ್ತಿತ್ತು. ಒಂದೇ ತ್ರಿಪದಿಗೆ ಒಂದೂರಲ್ಲಿ ಒಂದು ರೂಪ, ಇನ್ನೊಂದೂರಲ್ಲಿ ಮತ್ತೊಂದು ರೂಪ. ಉತ್ತಂಗಿಯವರು ಊರೂರು ಅಲೆದು, ಬಲ್ಲವರಿಂದ ಕೇಳಿ ಬರೆದುಕೊಂಡರು. ಹಸ್ತಪ್ರತಿಗಳನ್ನು ಹುಡುಕಿ ಒಂದಕ್ಕೊಂದು ಹೋಲಿಸಿದರು. ಸುಮಾರು 2000 ವಚನಗಳ ಆ ಸಂಗ್ರಹ 1924ರಲ್ಲಿ ಪ್ರಕಟವಾಯಿತು. ಇಂದು ನಾವು ಪಾಠದಲ್ಲಿ ಕಲಿಸುವ ಸರ್ವಜ್ಞ ಹೀಗೆ ಒಂದೆಡೆ ಸೇರಿ ಬಂದವನು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಸರ್ವಜ್ಞ ಜಾತಿಯ ಸೊಕ್ಕನ್ನೂ ಡಾಂಭಿಕ ಭಕ್ತಿಯನ್ನೂ ಜರೆದವನು. ಅಂಥ ವಚನಗಳನ್ನಷ್ಟೇ ಆಯ್ದು ಹಿಂದೂ ಆಚಾರಗಳ ಮೇಲೆ ಟೀಕೆಯ ಪುಸ್ತಕ ಮಾಡುವುದು ಒಬ್ಬ ಪಾದ್ರಿಗೆ ಸುಲಭವಿತ್ತು. ಅದೇ ಸರ್ವಜ್ಞ ಶಿವನನ್ನೂ ಗುರುವನ್ನೂ ಮನಸಾರೆ ಕೊಂಡಾಡಿದವನು. ಆ ವಚನಗಳನ್ನು ಮೆಲ್ಲಗೆ ಬದಿಗಿಡುವುದೂ ಸುಲಭವೇ. ಉತ್ತಂಗಿಯವರು ಹಾಗೆ ಮಾಡಲಿಲ್ಲ. ತಮ್ಮ ನಂಬಿಕೆಗೆ ಹೊಂದಿದ್ದನ್ನೂ ಹೊಂದದ್ದನ್ನೂ ಕೂಡಿಯೇ ಕೊಟ್ಟರು. ನನ್ನ ದೃಷ್ಟಿಯಲ್ಲಿ ಅವರ ಕ್ರೈಸ್ತ ಬಾಳು ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ಪ್ರಾಮಾಣಿಕತೆಯಲ್ಲಿ. ಸುಳ್ಳುಸಾಕ್ಷಿ ಹೇಳಬಾರದೆಂಬುದು ಮೋಶೆಯ ಹತ್ತು ಆಜ್ಞೆಗಳಲ್ಲಿ ಒಂದು. ನೆರೆಯವರನ್ನು ಪ್ರೀತಿಸಬೇಕೆಂಬುದು ಯೇಸುವಿನ ಬೋಧನೆಯ ತಿರುಳು. ನೆರೆಯವರ ಮಾತನ್ನು ಕತ್ತರಿಸದೆ, ತಿರುಚದೆ ಕಾಪಾಡುವ ಕೆಲಸದಲ್ಲಿ ಈ ಎರಡೂ ಒಂದಾಗುತ್ತವೆ.

ಅವರು ತಮ್ಮ ನಂಬಿಕೆಯನ್ನು ಮುಚ್ಚಿಟ್ಟವರಲ್ಲ. ಹಿಂದೂ ಓದುಗರನ್ನು ಉದ್ದೇಶಿಸಿ ಬರೆದ ಒಂದು ಕೃತಿಗೆ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂದು ಹೆಸರಿಟ್ಟರು. ಬೆತ್ಲೆಹೇಮು ಯೇಸು ಹುಟ್ಟಿದ ಊರು. ಅಲ್ಲಿಂದ ಕಾಶಿಗೆ ಹೋಗುವುದು ಅಪ್ಪಣೆಯಲ್ಲ, ವಿನಂತಿ. ಮಾತಾಡಬೇಕಾದಲ್ಲಿ ತಮ್ಮ ಹೆಸರಿನಲ್ಲೇ ನೇರವಾಗಿ, ಮರ್ಯಾದೆಯಿಂದ ಮಾತಾಡಿದರು. ಸರ್ವಜ್ಞನ ಬಾಯಲ್ಲಿ ತಮ್ಮ ಮಾತನ್ನು ಹಾಕಲಿಲ್ಲ.

ಮುಂದೆ ಅವರ ಗಮನ ಶರಣರ ಕಡೆಗೂ ಹರಿಯಿತು. ಸಿದ್ಧರಾಮ, ಮೋಳಿಗೆಯ ಮಾರಯ್ಯ ಮೊದಲಾದವರ ವಚನಗಳ ಸಂಪಾದನೆಯಲ್ಲಿ ತೊಡಗಿದರು. ಕಲ್ಯಾಣದ ಅನುಭವ ಮಂಟಪ ನಿಜಕ್ಕೂ ಇತ್ತೇ ಎಂಬ ಸಂಶಯ ಎದ್ದಾಗ, ಅದರ ಐತಿಹಾಸಿಕತೆಯನ್ನು ಆಧಾರಗಳೊಂದಿಗೆ ಸಮರ್ಥಿಸಿ ಪುಸ್ತಕ ಬರೆದವರಲ್ಲಿ ಈ ಪಾದ್ರಿಯೂ ಒಬ್ಬರು. ತಿರುಳ್ಗನ್ನಡದ ತಿರುಕ ಎಂಬ ಹೆಸರು ಅವರಿಗೆ ನಿಂತಿತು. ಮನೆಮನೆಗೆ ಹೋಗಿ ಕೈಯೊಡ್ಡಿ ನುಡಿಯನ್ನು ಬೇಡಿ ತಂದವರಿಗೆ ಅದು ಒಪ್ಪುವ ಹೆಸರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿ ಒಂದು ವರ್ಷವೂ ಸರಿಯಾಗಿ ಕಳೆಯದಿದ್ದ ನಾಡಿನಲ್ಲಿ, ಕನ್ನಡಿಗರೆಲ್ಲರ ಪರವಾಗಿ ಆ ಪೀಠದಲ್ಲಿ ಒಬ್ಬ ಸಭಾಪಾಲಕ ಕುಳಿತಿದ್ದರು. 1956ರಲ್ಲಿ ನಾಡು ಒಂದಾದದ್ದನ್ನೂ ಕಂಡು, 1962ರ ಆಗಸ್ಟ್ 28ರಂದು ತೀರಿಕೊಂಡರು.

ಪ್ರಶಿಕ್ಷಣಾರ್ಥಿಗಳಿಗೆ ಈ ಬದುಕಿನಿಂದ ಸಿಗುವ ಉತ್ತರ ಹೀಗಿದೆ. ನಂಬಿಕೆಯನ್ನು ಬಾಗಿಲ ಹೊರಗೆ ಬಿಡಬೇಕಾಗಿಲ್ಲ. ಅದನ್ನು ಪಾಠವಾಗಿ ಹೇಳಲೂ ಬೇಕಾಗಿಲ್ಲ. ಅದು ಪಾಠಯೋಜನೆಯ ಶ್ರದ್ಧೆಯಲ್ಲಿ, ಉತ್ತರಪತ್ರಿಕೆಗೆ ಕೊಡುವ ನ್ಯಾಯದ ಅಂಕದಲ್ಲಿ, ತಡವರಿಸುವ ಮಗುವಿನ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆಯಲ್ಲಿ ಕೆಲಸ ಮಾಡುತ್ತದೆ. ತನ್ನದಲ್ಲದ ಸಂಪ್ರದಾಯದ ಪದ್ಯ ಪಠ್ಯದಲ್ಲಿ ಬಂದಾಗ ಅದನ್ನು ಅರ್ಧಮನಸ್ಸಿನಿಂದ ಕಲಿಸಿ ಮುಗಿಸುವುದು ಅಪ್ರಾಮಾಣಿಕತೆ. ಅದನ್ನು ಅದರವರೇ ಮೆಚ್ಚುವಷ್ಟು ಚೆನ್ನಾಗಿ ಕಲಿಸಬೇಕು. ಈ ಮಾತು ಕ್ರೈಸ್ತರಿಗಷ್ಟೇ ಅಲ್ಲ. ವಚನ ಓದಿ ಬೆಳೆದವರು ಶಿಶುನಾಳ ಶರೀಫರನ್ನು ಕಲಿಸುವಾಗಲೂ, ಮುಸ್ಲಿಂ ಶಿಕ್ಷಕಿ ಪುರಂದರದಾಸರನ್ನು ಕಲಿಸುವಾಗಲೂ ಇದೇ ಅಳತೆ.

ಸರ್ವಜ್ಞನ ಪಾಠಕ್ಕೆ ಒಂದು ಚಟುವಟಿಕೆಯನ್ನು ಸೂಚಿಸುತ್ತೇನೆ. ಕವಿ ಪರಿಚಯದ ಕೊನೆಗೆ ಸಂಪಾದಕರ ಪರಿಚಯವನ್ನೂ ನಾಲ್ಕು ಸಾಲಿನಲ್ಲಿ ಸೇರಿಸಿ. ಬಳಿಕ ಪ್ರತಿ ಮಗುವೂ ಮನೆಯ ಹಿರಿಯರಿಂದ ಒಂದು ಗಾದೆಯನ್ನೋ ತ್ರಿಪದಿಯನ್ನೋ ಕೇಳಿ, ಅವರು ಹೇಳಿದಂತೆಯೇ, ಹೇಳಿದವರ ಹೆಸರಿನೊಂದಿಗೆ ಬರೆದು ತರಲಿ. ಮರಾಠಿಯದಾದರೆ ಮರಾಠಿಯಲ್ಲೇ, ಉರ್ದುವಿನದಾದರೆ ಉರ್ದುವಿನಲ್ಲೇ ಇರಲಿ. ಅರ್ಥವನ್ನು ಕನ್ನಡದಲ್ಲಿ ತಿಳಿಸಲಿ. ಒಂದೇ ಮಾತಿಗೆ ಎರಡು ರೂಪ ಬಂದರೆ ಒಂದನ್ನು ತಪ್ಪೆಂದು ಹೊಡೆದುಹಾಕದೆ ಎರಡನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಒಂದು ಅವಧಿ ಸಾಕಾಗಲಿಕ್ಕಿಲ್ಲ. ಎರಡು ಅವಧಿ ಇಟ್ಟುಕೊಳ್ಳುವುದು ಒಳ್ಳೆಯದು.